ಅಂತಿಯೋಕ್ಯದ ಪಂಕ್ತಿಭೇದ

ಪಾಲಿಬೆಟ್ಟದ ಸುತ್ತಮುತ್ತಲಿನ ಕ್ರೈಸ್ತ ಮನೆಗಳು ಒಂದೇ ದಾರಿಯಲ್ಲಿ ಬಂದವಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಸೇರಿದ ಕೊಂಕಣಿ ಕ್ಯಾಥೋಲಿಕರಿದ್ದಾರೆ, ಅಮ್ಮತ್ತಿ ಕಡೆ ಬಾಸೆಲ್ ಮಿಷನ್ನಿನವರು ಕಟ್ಟಿದ ಆನಂದಪುರದ ಮೂಲದವರಿದ್ದಾರೆ, ತೋಟದ ಕೆಲಸಕ್ಕೆಂದು ತಮಿಳುನಾಡಿನಿಂದ, ಕೇರಳದಿಂದ ಬಂದು ಇಲ್ಲಿಯವರೇ ಆದವರಿದ್ದಾರೆ. ಇವರೆಲ್ಲರಿಗೂ ಕೊಡವರ ನೆರೆಹೊರೆ ಇದೆ. ಹಾಗಾಗಿ ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಬಂದಾಗ, ಹೊಸ ಅಕ್ಕಿಗೆ ಪುತ್ತರಿ ಬಂದಾಗ, ಎರಡು ಸಾವಿರ ವರ್ಷ ಹಳೆಯ ಪ್ರಶ್ನೆಯೊಂದು ಇಲ್ಲಿ ಮತ್ತೆ ಏಳುತ್ತದೆ. ಬೇರೆ ಕುಲದಿಂದ ಬಂದ ವಿಶ್ವಾಸಿ ಯಾವ ಕಟ್ಟಳೆ ಬಿಡಬೇಕು, ಯಾವುದನ್ನು ಹಿಡಿಯಬೇಕು, ಯಾರ ಜೊತೆ ಕೂತು ಉಣ್ಣಬಹುದು? ಇಲ್ಲಿ ಮಾತಾಡುವ ಇಬ್ಬರೂ ಒಂದೇ ಮನೆಯವರು. ಒಬ್ಬರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಹಿರಿಯರು, ಆನಂದಪುರದ ಮೂಲದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಮಂಗಳೂರಿನಲ್ಲಿ ದೇವಶಾಸ್ತ್ರ ಓದುತ್ತಿದ್ದಾಳೆ. ಅವಳ ತಾಯಿಯ ತವರು ವಿರಾಜಪೇಟೆ.

ಯುವತಿ: ದೊಡ್ಡಪ್ಪ, ಹಬ್ಬದ ದಿನ ನನ್ನ ಕೊಡವ ಗೆಳತಿಯ ಕುಲದ ಐನ್‌ಮನೆಗೆ ಊಟಕ್ಕೆ ಕರೆದಿದ್ದಾರೆ. ನಿಮ್ಮನ್ನೂ ಕರಕೊಂಡು ಬಾ ಅಂತ ಅವಳಪ್ಪ ಹೇಳಿ ಕಳಿಸಿದ್ದಾರೆ.

ಹಿರಿಯರು: ನೀನು ಹೋಗಿ ಬಾ. ನಾನು ಸಂಜೆ ಹೋಗಿ ಮಾತಾಡಿಸಿ ಬರ್ತೇನೆ. ಊಟಕ್ಕೆ ನನ್ನನ್ನು ಕಾಯಬೇಡಿ ಅಂತ ಹೇಳು.

ಯುವತಿ: ಮೊದಲು ಕುಲದ ಹಿರಿಯರಾದ ಕಾರಣರಿಗೆ ಮೀದಿಯ ಎಡೆ ಇಟ್ಟು ಆಮೇಲೆ ಬಡಿಸ್ತಾರೆ ಅಂತ ತಾನೆ?

ಹಿರಿಯರು: ಅದಕ್ಕೇ. ಆದಿಸಭೆಯ ಕಾಲದಲ್ಲಿ ಯೆರೂಸಲೇಮಿನ ಹಿರಿಯರು ಅನ್ಯಜನರಿಂದ ಬಂದ ವಿಶ್ವಾಸಿಗಳ ಮೇಲೆ ಹೆಚ್ಚಿನ ಹೊರೆ ಹಾಕಲಿಲ್ಲ. ಮೋಶೆಯ ಧರ್ಮಶಾಸ್ತ್ರ ಪೂರ್ತಿ ಬೇಡ, ಸುನ್ನತಿ ಬೇಡ ಅಂದರು. ಕೇಳಿಕೊಂಡದ್ದು ನಾಲ್ಕೇ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ. ಇಷ್ಟನ್ನು ಬಿಟ್ಟರೆ ಸಾಕು ಅಂದರು. ಆ ನಾಲ್ಕರಲ್ಲಿ ಮೊದಲನೆಯದನ್ನೇ ನಾನು ಮುರಿಯಬೇಕಾ?

ಯುವತಿ: ನಮ್ಮ ಮನೆಯ ಕ್ರಿಸ್‌ಮಸ್ ಊಟಕ್ಕೆ ಕಾಚಂಪುಳಿ ಹಾಕಿದ ಪಂದಿ ಕರಿ ಇಲ್ಲದಿದ್ದರೆ ಆಗುವುದಿಲ್ಲ. ಯಾಜಕಕಾಂಡದ 11ನೇ ಅಧ್ಯಾಯದಲ್ಲಿ ಹಂದಿ ಅಶುದ್ಧ. ಆ ದೊಡ್ಡ ಕಟ್ಟಳೆಯೇ ಬಿದ್ದುಹೋದ ಮೇಲೆ ಈ ನಾಲ್ಕು ಯಾಕೆ ಉಳಿಯಬೇಕು?

ಹಿರಿಯರು: ಬಿದ್ದುಹೋಯಿತು ಅಂತ ಅಷ್ಟು ಹಗುರವಾಗಿ ಹೇಳಬೇಡ. ಯೆಹೂದ್ಯರಿಗೆ ಆ ಕಟ್ಟಳೆ ಹೇರಿಕೆಯಾಗಿರಲಿಲ್ಲ, ಪ್ರಾಣಕ್ಕಿಂತ ಹೆಚ್ಚಾಗಿತ್ತು. ಕ್ರಿ.ಪೂ. 167ರಲ್ಲಿ ನಾಲ್ಕನೇ ಅಂತಿಯೋಕ ರಾಜ ಅವರ ಧರ್ಮಶಾಸ್ತ್ರವನ್ನೇ ನಿಷೇಧಿಸಿದ. ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಂದರು, ಹಂದಿ ತಿನ್ನು ಎಂದು ಪೀಡಿಸಿದರು. ಎಲೆಯಾಜರ ಎಂಬ ಮುದುಕನಿಗೆ ಹಳೇ ಪರಿಚಯದವರು ಒಂದು ಉಪಾಯ ಹೇಳಿಕೊಟ್ಟರಂತೆ. ನೀನು ತಿನ್ನಬಹುದಾದ ಮಾಂಸವನ್ನೇ ತರಿಸು, ಹಂದಿ ತಿಂದ ಹಾಗೆ ನಟಿಸು, ಜೀವ ಉಳಿಯುತ್ತದೆ ಅಂತ. ಅವನು ಒಪ್ಪಲಿಲ್ಲ, ಸತ್ತ. ಮಕ್ಕಬಿಯರ ಎರಡನೇ ಪುಸ್ತಕದಲ್ಲಿದೆ. ಅಂಥ ನೆನಪು ಹೊತ್ತ ಜನ ಅವರು. ಅವರಿಗೆ ಇನ್ನು ಯಾರು ಬೇಕಾದರೂ ಬರಬಹುದು, ಕಟ್ಟಳೆ ಇಲ್ಲದೆಯೇ ದೇವಜನರಾಗಬಹುದು ಅಂದರೆ ಹೇಗಾಗಬೇಡ? ಪ್ರಸಂಗಗಳಲ್ಲಿ, ಅನ್ಯಜನರಿಗೂ ಸುನ್ನತಿ ಬೇಕು ಅಂದ ಪಕ್ಷದವರನ್ನು ಗೇಲಿ ಮಾಡುವಾಗ ನನಗೆ ಸಂಕಟವಾಗುತ್ತದೆ.

ಯುವತಿ: ನಾನು ಗೇಲಿ ಮಾಡ್ತಿಲ್ಲ ದೊಡ್ಡಪ್ಪ. ಅವರ ನೆನಪು ದೊಡ್ಡದು, ಒಪ್ಪಿದೆ. ಆದರೆ ಆ ನೆನಪನ್ನು ಕೊರ್ನೇಲ್ಯನ ಹೆಗಲಿಗೆ ಹೊರಿಸಬಹುದಾ? ಅವನು ರೋಮಿನ ದಂಡಿನ ಶತಾಧಿಪತಿ. ಪೇತ್ರನಿಗೆ ಯೊಪ್ಪದಲ್ಲಿ ಮಾಳಿಗೆಯ ಮೇಲೆ ದರ್ಶನವಾಗಿ, ಶುದ್ಧ ಅಶುದ್ಧ ಎಲ್ಲ ಪ್ರಾಣಿಗಳೂ ಇದ್ದ ಬಟ್ಟೆ ಆಕಾಶದಿಂದ ಇಳಿದು ಬಂದ ಮೇಲೆ ಅವನ ಮನೆಗೆ ಹೋದ. ಸುನ್ನತಿಯಿಲ್ಲದ ಆ ಮನೆಯವರ ಮೇಲೂ ಪವಿತ್ರಾತ್ಮ ಇಳಿಯಿತು. ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನ ಸಭೆಯಲ್ಲಿ ಪೇತ್ರ ಎದ್ದು ಹೇಳಿದ್ದೂ ಅದನ್ನೇ. ದೇವರು ಮೊದಲೇ ಒಪ್ಪಿಕೊಂಡವರನ್ನು ನಾವು ಯಾಕೆ ಮತ್ತೆ ಪರೀಕ್ಷೆ ಮಾಡಬೇಕು ಅಂತ. ಪೌಲ, ಬಾರ್ನಬ ತಾವು ಕಂಡದ್ದನ್ನು ಹೇಳಿದರು. ಕೊನೆಗೆ ಯಾಕೋಬ ತೀರ್ಪು ಕೊಟ್ಟ. ನಾಲ್ಕು ನಿಯಮ ಬಂದದ್ದು ಆ ತೀರ್ಪಿನ ಬಾಲದಲ್ಲಿ. ನೀವು ಬಾಲವನ್ನೇ ಹಿಡಿದಿದ್ದೀರಿ.

ಹಿರಿಯರು: ಬಾಲವಲ್ಲ. ಯಾಜಕಕಾಂಡದ 17, 18ನೇ ಅಧ್ಯಾಯ ತೆರೆದು ನೋಡು. ಇಸ್ರಾಯೇಲರ ನಡುವೆ ಬದುಕುವ ಪರದೇಶಿಗೂ ಅಲ್ಲಿ ಕೆಲವು ನಿಯಮ ಇವೆ. ಬಲಿ ಎಲ್ಲಿ ಕೊಡಬೇಕು, ರಕ್ತ ತಿನ್ನಬಾರದು, ಯಾರ ಜೊತೆ ಸಂಸಾರ ಕೂಡದು. ಯಾಕೋಬನ ಪಟ್ಟಿಗೂ ಅದಕ್ಕೂ ಹೊಂದಿಕೆ ಇದೆ ಅಂತ ತುಂಬ ಜನ ವಿದ್ವಾಂಸರು ಹೇಳ್ತಾರೆ. ಅಂದರೆ ಇವು ಒಟ್ಟಿಗೆ ಬಾಳಲಿಕ್ಕೆ ಬೇಕಾದ ನಿಯಮ. ಎರಡು ಕುಲದವರು ಒಂದೇ ಪಂಕ್ತಿಯಲ್ಲಿ ಕೂರಬೇಕಾದರೆ ಒಬ್ಬರು ಇಷ್ಟು ಬಿಡಬೇಕು, ಇನ್ನೊಬ್ಬರು ಅಷ್ಟು ಬಿಡಬೇಕು. ಯೆಹೂದ್ಯರು ಬಿಟ್ಟದ್ದೇ ಹೆಚ್ಚು. ಅನ್ಯಜನರಿಗೆ ಕೇಳಿದ್ದು ನಾಲ್ಕು.

ಯುವತಿ: ಒಟ್ಟಿಗೆ ಬಾಳಲಿಕ್ಕೆ ಅಂದಮೇಲೆ, ಆ ಜೊತೆಯೇ ಇಲ್ಲದ ಕಡೆ ಆ ನಿಯಮಕ್ಕೇನು ಕೆಲಸ? ಪಾಲಿಬೆಟ್ಟದ ಯಾವ ಪಂಕ್ತಿಯಲ್ಲಿ ಯೆಹೂದ್ಯರು ಕೂರುತ್ತಾರೆ? ಹಳಬರಿಗೇ ಈ ಗೊಂದಲ ಇತ್ತು. ಬೇಜಾ ಅಂತ ಹೊಸ ಒಡಂಬಡಿಕೆಯ ಒಂದು ಹಳೇ ಹಸ್ತಪ್ರತಿ ಇದೆ, ಈಗ ಕೇಂಬ್ರಿಡ್ಜಿನಲ್ಲಿದೆ. ಅದರಲ್ಲಿ ಹಿಸುಕಿ ಕೊಂದದ್ದರ ಮಾತೇ ಇಲ್ಲ, ಅದರ ಬದಲು ನಿನಗೆ ಬೇಡವಾದದ್ದನ್ನು ಬೇರೆಯವರಿಗೆ ಮಾಡಬೇಡ ಎಂಬ ಅರ್ಥದ ಮಾತು ಸೇರಿದೆ. ಊಟದ ನಿಯಮ ನಡತೆಯ ನಿಯಮವಾಗಿಬಿಟ್ಟಿದೆ. ಕ್ರಿ.ಶ. 400ರ ಹೊತ್ತಿಗೆ ಅಗಸ್ಟೀನ, ಕುತ್ತಿಗೆಗೆ ಕೈಯಿಂದ ಹೊಡೆದು ಕೊಂದ ಮೊಲವನ್ನು ತಿನ್ನಲು ಈಗ ಯಾರು ಹೆದರುತ್ತಾರೆ ಅಂತ ಕೇಳಿದ. 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ ಆ ನಿಯಮ ಆ ಕಾಲಕ್ಕೆ ಬೇಕಿತ್ತು, ಈಗ ಅದರ ಕಾರಣ ಉಳಿದಿಲ್ಲ ಅಂತ ಬರೆದೇಬಿಟ್ಟಿತು. ಹಿಂದೆ ಕೊಡಗಿನ ಕಾಡಲ್ಲಿ ಉರುಳಿಗೆ ಬಿದ್ದ ಪ್ರಾಣಿಯನ್ನು ನಮ್ಮವರು ಈ ನಿಯಮ ನೆನೆದು ಬಿಟ್ಟುಬಂದದ್ದನ್ನು ನೀವು ಕೇಳಿದ್ದೀರಾ?

ಹಿರಿಯರು: ಕೇಳಿಲ್ಲ. ಆದರೆ ನೀನು ಹೇಳಿದ್ದು ಪಶ್ಚಿಮದ ಕಥೆ. ಪೂರ್ವದ ಸಭೆ 692ರಲ್ಲೂ ರಕ್ತ ತಿನ್ನಬಾರದು ಅಂತ ಮತ್ತೆ ಕಟ್ಟಳೆ ಮಾಡಿತು. ಇನ್ನೊಂದು, ಮೊದಲ ಕಾಲದ ದಿದಾಖೆ ಎಂಬ ಉಪದೇಶ ಗ್ರಂಥ ನಿನ್ನ ಪಠ್ಯದಲ್ಲೇ ಇರಬೇಕು. ಆಹಾರದ ವಿಷಯದಲ್ಲಿ ನಿನ್ನಿಂದ ಎಷ್ಟಾಗುತ್ತದೋ ಅಷ್ಟು ಹೊರು ಅನ್ನುತ್ತದೆ. ಅಷ್ಟು ಮೆತ್ತಗೆ ಮಾತಾಡುವ ಪುಸ್ತಕವೂ ವಿಗ್ರಹಕ್ಕೆ ಇಟ್ಟದ್ದರ ಬಗ್ಗೆ ಮಾತ್ರ ಗಟ್ಟಿಯಾಗಿ ಬೇಡ ಅನ್ನುತ್ತದೆ. ಬೇರೆಲ್ಲ ಸಡಿಲಾದರೂ ಆ ಒಂದು ಯಾಕೆ ಸಡಿಲಾಗಲಿಲ್ಲ?

ಯುವತಿ: ಪೌಲನಿಗೆ ಸಡಿಲಾಯಿತಲ್ಲ. ಕೊರಿಂಥದವರಿಗೆ ಬರೆಯುವಾಗ ವಿಗ್ರಹ ಅನ್ನುವುದು ಏನೂ ಅಲ್ಲ ಅಂತಾನೆ. ಪೇಟೆಯಲ್ಲಿ ಮಾರುವ ಮಾಂಸ ತಗೊಂಡು ತಿನ್ನಿ, ವಿಚಾರಣೆ ಮಾಡಬೇಡಿ. ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ. ಇಷ್ಟು ಸ್ಪಷ್ಟವಾಗಿದೆ.

ಹಿರಿಯರು: ಅಲ್ಲಿಗೇ ನಿಲ್ಲಿಸಬೇಡ. ಯಾರಾದರೂ ಇದು ಅರ್ಪಿಸಿದ್ದು ಅಂತ ಹೇಳಿದರೆ ಹೇಳಿದವನ ಮನಸ್ಸಾಕ್ಷಿಗಾಗಿ ತಿನ್ನಬೇಡಿ ಅಂತ ಅದೇ ಅಧ್ಯಾಯ ಹೇಳುತ್ತದೆ. ಕರ್ತನ ಮೇಜು, ಇನ್ನೊಂದರ ಮೇಜು, ಎರಡರಲ್ಲೂ ಪಾಲು ತಗೊಳ್ಳಲಿಕ್ಕೆ ಆಗದು ಅಂತಲೂ ಹೇಳುತ್ತದೆ. ಅವರ ಕಾರಣರನ್ನು ನಾನು ದೆವ್ವ ಅನ್ನುವವನಲ್ಲ. ಹಾಗೆ ಅಂದವರೆದುರು ನಾನೇ ಜಗಳಕ್ಕೆ ನಿಂತದ್ದುಂಟು. ಮನೆಯ ಹಿರಿಯರನ್ನು ಮರೆಯದ ಜನ ಅವರು. ಕಾರಣರ ಗುಡಿಯಾದ ಕೈಮಡದ ಮುಂದೆ ಅವರು ತಲೆಬಾಗುವುದನ್ನು ಕಂಡರೆ ನನಗೂ ಗೌರವವೇ. ಆದರೆ ಅದು ಅವರ ಆರಾಧನೆ. ಊಟ ಮಾತ್ರ ಅಂತ ನಾನು ಅದನ್ನು ಸಣ್ಣದು ಮಾಡಿದರೆ ಅವರಿಗೇ ಅವಮಾನ ಮಾಡಿದ ಹಾಗೆ.

ಯುವತಿ: ಅದು ಒಳ್ಳೆ ಮಾತು. ಹಾಗೆ ಯೋಚಿಸಿರಲಿಲ್ಲ. ಆದರೂ ಅಂತಿಯೋಕ್ಯದ್ದನ್ನು ಏನು ಮಾಡ್ತೀರಿ? ಪೇತ್ರ ಅಲ್ಲಿ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಊರಿಗೆ ಬಂದ ತಕ್ಷಣ ಎದ್ದುಹೋದ. ಅವನ ಹಿಂದೆ ಬೇರೆಯವರೂ ಎದ್ದರು, ಕೊನೆಗೆ ಬಾರ್ನಬನೂ ಎದ್ದ. ಪಂಕ್ತಿಭೇದ ಅಂದರೆ ಅದೇ. ಪೌಲ ಎಲ್ಲರ ಮುಂದೆ ಮುಖಕ್ಕೆ ಮುಖ ಕೊಟ್ಟು ಕೇಳಿದ. ಕರೆದವರ ಪಂಕ್ತಿಯಿಂದ ಎದ್ದುಹೋಗುವುದು ಸುವಾರ್ತೆಗೇ ವಿರುದ್ಧ ಅಂತ ಗಲಾತ್ಯ ಪತ್ರದ ಎರಡನೇ ಅಧ್ಯಾಯದಿಂದ ನನಗೆ ಅರ್ಥವಾಗಿದೆ.

ಹಿರಿಯರು: ಅಲ್ಲಿ ಎದ್ದುಹೋದವನು ಯಾರು ನೋಡು. ಮೇಲಿನವನು. ಶುದ್ಧ ಅನ್ನಿಸಿಕೊಂಡವನು. ಅಶುದ್ಧ ಅನ್ನಿಸಿಕೊಂಡವನನ್ನು ಎಲೆಯ ಮುಂದೆ ಬಿಟ್ಟು ಎದ್ದ. ಅದಕ್ಕೇ ಪೌಲನಿಗೆ ಸಿಟ್ಟು. ಕೆಳಗೆ ನಿಂತವನು ಮೇಲಿನವನ ಊಟ ಬೇಡ ಅನ್ನುವುದು ಬೇರೆ ವಿಷಯ. ಅದನ್ನು ಆಮೇಲೆ ಹೇಳ್ತೇನೆ. ಮೊದಲು ನಿನ್ನ ಅಮ್ಮನ ಕಡೆಯವರ ಕಥೆ ಹೇಳು, ಅದರಲ್ಲಿ ನನ್ನ ಪರ ಏನೋ ಇದೆ ಅಂತ ನನಗೆ ಅನುಮಾನ.

ಯುವತಿ: ನಿಮ್ಮ ಪರವಲ್ಲ, ನನ್ನ ಪರ! ಗೋವೆಯಲ್ಲಿ ಇನ್‌ಕ್ವಿಸಿಶನ್ 1560ರಲ್ಲಿ ಶುರುವಾಯಿತು. 1736ರಲ್ಲಿ ಅವರೊಂದು ಆಜ್ಞೆ ಹೊರಡಿಸಿದರು. ಕ್ರೈಸ್ತರಾದವರು ಅಂಗಳದಲ್ಲಿ ತುಳಸಿ ನೆಡಬಾರದು, ಗಂಡಸರು ಧೋತಿ ಉಡಬಾರದು, ಉಪ್ಪು ಹಾಕದೆ ಅನ್ನ ಮಾಡಬಾರದು, ಯಾಕೆಂದರೆ ಹಿಂದೂಗಳು ಹಾಗೆ ಮಾಡ್ತಾರೆ. ಅನ್ನಕ್ಕೆ ಉಪ್ಪು ಹಾಕುವುದೂ ವಿಶ್ವಾಸದ ಗುರುತಾಯಿತು! ಕೊರ್ನೇಲ್ಯನಿಗೆ ಯೆಹೂದ್ಯನಾಗು ಅಂತ ಕೇಳಬಾರದು ಅಂದಿದ್ದ ಸಭೆಯೇ ಕೊಂಕಣಿಯವನಿಗೆ ಪೋರ್ತುಗೀಸನಾಗು ಅಂತು. ಎಷ್ಟೋ ಮನೆಯವರು ಗೋವೆ ಬಿಟ್ಟು ಕೆನರಾಕ್ಕೆ ಬಂದರು.

ಹಿರಿಯರು: ಬರಗಾಲ, ಮರಾಠರ ದಾಳಿ, ಅದಕ್ಕೂ ಓಡಿಬಂದವರಿದ್ದಾರೆ.

ಯುವತಿ: ಇದ್ದಾರೆ, ಎಲ್ಲವನ್ನೂ ಆಜ್ಞೆಯ ತಲೆಗೆ ಕಟ್ಟುವುದಿಲ್ಲ. ಆದರೆ ಬಂದವರು ಸೀರೆ ಬಿಡಲಿಲ್ಲ, ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ರೋಸ್ ಬಿಡಲಿಲ್ಲ. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅಲ್ಲಿಂದ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಚರ್ಚು 1792ರದ್ದು. ಕ್ರೈಸ್ತನಲ್ಲದ ರಾಜನ ನೆಲದಲ್ಲಿ, ಅವನ ಕೃಪೆಯಲ್ಲಿ ಎದ್ದ ದೇವಾಲಯ. ಅವರು ಕಾಡಲ್ಲಿ ಕಂಗೆಟ್ಟು ಬಂದಾಗ ಯಾರೋ ಅನ್ನ ಹಾಕಿರಬೇಕು. ಯಾವ ದೇವರಿಗೆ ಇಟ್ಟ ಅನ್ನ ಅಂತ ಅವರು ಕೇಳಿರುತ್ತಾರಾ?

ಹಿರಿಯರು: ಹಸಿದವನನ್ನು ಯಾವ ನಿಯಮವೂ ಕೇಳುವುದಿಲ್ಲ. ಕೇಳಬಾರದು. ಅದನ್ನು ನಿನಗೆ ಬಿಟ್ಟುಕೊಟ್ಟೆ. ಆದರೆ ಆ ಆಜ್ಞೆ ಹೊರಡಿಸಿದವರ ತಪ್ಪು ಎಲ್ಲಿದೆ? ಅಧಿಕಾರ ಕೈಗೆ ಬಂದದ್ದರಲ್ಲಿ. ನಿನಗೆ ಜಸ್ಟಿನನ ಸಂವಾದ ಗೊತ್ತಲ್ಲ, 160ರ ಸುಮಾರಿನದ್ದು, ತ್ರೂಫೋ ಎಂಬ ಯೆಹೂದ್ಯನ ಜೊತೆಗಿನದ್ದು?

ಯುವತಿ: ಗೊತ್ತು. ಅಲ್ಲಿ ಪ್ರಶ್ನೆ ತಿರುಗಿ ನಿಂತಿದೆ. ಕ್ರಿಸ್ತನನ್ನು ನಂಬಿ ಧರ್ಮಶಾಸ್ತ್ರವನ್ನೂ ಪಾಲಿಸುವ ಯೆಹೂದ್ಯನಿಗೆ ರಕ್ಷಣೆ ಇದೆಯೇ ಅಂತ ತ್ರೂಫೋ ಕೇಳ್ತಾನೆ. ಬೇರೆಯವರ ಮೇಲೆ ಹೇರದಿದ್ದರೆ ಇದೆ ಅಂತ ಜಸ್ಟಿನ್ ಹೇಳ್ತಾನೆ. ಆದರೆ ತನ್ನ ಹಾಗೆ ಒಪ್ಪದ ಕ್ರೈಸ್ತರಿದ್ದಾರೆ, ಅಂಥವರ ಜೊತೆ ಮಾತಿಗೂ ಕೂರುವುದಿಲ್ಲ ಅಂತಲೂ ಒಪ್ಪಿಕೊಳ್ತಾನೆ.

ಹಿರಿಯರು: ನೂರು ವರ್ಷ ಸಾಕಾಯಿತು. ಪಂಕ್ತಿಯ ಹೊರಗೆ ನಿಂತಿದ್ದವರು ಒಳಗೆ ಬಂದರು, ಮನೆಯವರನ್ನೇ ಹೊರಗೆ ಹಾಕಿದರು. ಪೌಲ ರೋಮಾಪುರದವರಿಗೆ ಬರೆಯುವಾಗಲೇ, ಕಸಿ ಕಟ್ಟಿದ ಕೊಂಬೆ ಬೇರಿನ ಮುಂದೆ ಜಂಭ ಪಡಬಾರದು ಅಂತ ಎಚ್ಚರಿಸಿದ್ದ. ನೀನು ಸ್ವಾತಂತ್ರ್ಯ ಸ್ವಾತಂತ್ರ್ಯ ಅನ್ನುವಾಗ ನನಗೆ ಅದರ ಭಯ. ಯಾರ ಸ್ವಾತಂತ್ರ್ಯ ಅಂತ ಕೇಳಬೇಕಾಗುತ್ತದೆ.

ಯುವತಿ: ಹಾಗಾದರೆ ಮೋಗ್ಲಿಂಗರನ್ನೇ ಕೇಳೋಣ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ತೆಗೆದವರು, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನೆಲ್ಲ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದವರು. ಕನ್ನಡದ ಹಳೇ ಕಾವ್ಯ ಉಳಿಯಬೇಕು ಅಂತ ಅಷ್ಟು ದುಡಿದವರು ಕೊಡಗಿಗೆ ಬಂದು, ಕ್ರೈಸ್ತನಾಗುವವನು ಹಳೆಯದನ್ನೆಲ್ಲ ಕಡಿದುಕೊಂಡು ಬರಬೇಕು ಅಂದರೆ ಹೇಗೆ? ಅಲ್ಮಂಡ ಸೋಮಯ್ಯ ಕೊಡವರು, ದೀಕ್ಷಾಸ್ನಾನದಲ್ಲಿ ಸ್ತೆಫಾನಸ್ ಆದರು. ಹೆಸರೂ ಗ್ರೀಕಿನದು. ಕುಲದಿಂದ ಹೊರಬಿದ್ದರು. ಕೊಡವನಾಗಿಯೇ ಕ್ರಿಸ್ತನನ್ನು ನಂಬುವ ದಾರಿಯೊಂದನ್ನು ಬಿಟ್ಟಿದ್ದರೆ, ಮೋಗ್ಲಿಂಗರು ಆಸೆಪಟ್ಟ ಹಾಗೆ ಈ ನಾಡಿನವರು ಬರುತ್ತಿದ್ದರೇನೋ. ಸುನ್ನತಿ ಕೇಳಿದ ಹಾಗೆಯೇ ಇದೂ ಒಂದು ಕೇಳಿಕೆ ಅಲ್ವಾ?

ಹಿರಿಯರು: ನಿನ್ನ ಈ ದಾರಿಯನ್ನು ಮದುರೆಯಲ್ಲಿ ಒಬ್ಬರು ನಡೆದು ನೋಡಿದ್ದಾರೆ.

ಯುವತಿ: ರೊಬೆರ್ಟೊ ದೆ ನೊಬಿಲಿ. 1606ರಿಂದ. ಕಾವಿ ಉಟ್ಟು, ಸಂಸ್ಕೃತ ಕಲಿತು, ಸನ್ಯಾಸಿಯ ಹಾಗೆ ಬಾಳಿದ. ಜನಿವಾರ, ಜುಟ್ಟು, ಗಂಧ ಇವು ಕುಲಾಚಾರ, ವಿಶ್ವಾಸಕ್ಕೆ ಅಡ್ಡಿಯಲ್ಲ ಅಂದ. 1623ರಲ್ಲಿ ಪೋಪ್ ಹದಿನೈದನೇ ಗ್ರೆಗೊರಿ ಒಪ್ಪಿದರು. 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದರು. ಶ್ರೀರಂಗಪಟ್ಟಣಕ್ಕೆ 1649ರಲ್ಲಿ ಬಂದ ಪಾದ್ರಿ ಚಿನ್ನಾಮಿಯೂ ಆ ದಾರಿಯವರೇ. ಮುಚ್ಚಿದ್ದು ತಪ್ಪಾಯಿತು ಅಂತ ನನ್ನ ಅಭಿಪ್ರಾಯ.

ಹಿರಿಯರು: ಆ ಸನ್ಯಾಸಿ ಪಾದ್ರಿಗಳು ಕೆಳಜಾತಿಯವರ ಮನೆಯಲ್ಲಿ ಉಣ್ಣಲಿಲ್ಲ. ಉಂಡರೆ ಬ್ರಾಹ್ಮಣರು ಹತ್ತಿರ ಸೇರಿಸುವುದಿಲ್ಲವಲ್ಲ. ಅದಕ್ಕೆ ಪಂಡಾರಸ್ವಾಮಿಗಳು ಅಂತ ಬೇರೆ ಪಾದ್ರಿಗಳನ್ನೇ ಮಾಡಬೇಕಾಯಿತು, ಕೆಳಗಿನವರಿಗೆ. ಜನಿವಾರ ಉಳಿಸಿದ್ದಕ್ಕೆ ಆದ ವೆಚ್ಚ ಅದು. ಒಂದೇ ಸಭೆ, ಎರಡು ಪಂಕ್ತಿ. ಅಂತಿಯೋಕ್ಯವನ್ನು ನಿಯಮ ಮಾಡಿ ಇಟ್ಟ ಹಾಗೆ. ನೀನು ಇದನ್ನು ಸ್ವಾತಂತ್ರ್ಯ ಅನ್ನುತ್ತೀಯಾ?

ಯುವತಿ: ಇಲ್ಲ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಹಿರಿಯರು: ಬಾಸೆಲ್ ಮಿಷನ್ನಿನವರನ್ನು ನಾನೂ ಎಲ್ಲದರಲ್ಲೂ ಒಪ್ಪುವುದಿಲ್ಲ. ವುರ್ಟೆಂಬರ್ಗಿನ ಹಳ್ಳಿಯ ಪದ್ಧತಿಯನ್ನು ದೇವರ ಪದ್ಧತಿ ಅಂದುಕೊಂಡದ್ದು ಉಂಟು. ಆದರೆ ಸಭೆಯೊಳಗೆ ಜಾತಿ ಕೂಡದು ಅಂತ ಅವರು ಹಟ ಹಿಡಿದರು. ತಮಿಳು ನಾಡಿನಲ್ಲಿ ಲೈಪ್‌ಜಿಗ್ ಮಿಷನ್ನಿನವರು ಇರಲಿ ಬಿಡು ಅಂದದ್ದನ್ನು ಇವರು ಒಪ್ಪಲಿಲ್ಲ. ಮೋಗ್ಲಿಂಗರು ಕಾದದ್ದು ಕೊಡವರಿಗೆ, ಬಂದದ್ದು ಹೊಲೆಯರು. 1850ರ ದಶಕದಲ್ಲಿ ಅವರಿಗಾಗಿ ಆನಂದಪುರ ಕಟ್ಟಿದರು. ಸೋಮಯ್ಯ ಹುಟ್ಟಿದ ಕುಲದವರೂ, ಆ ಕುಲದ ಮನೆಗಳಿಗೆ ಜಮ್ಮದಾಳುಗಳಾಗಿ ಭೂಮಿಯ ಜೊತೆಯಲ್ಲೇ ಕೈ ಬದಲಾಗುತ್ತಿದ್ದವರೂ ಒಂದೇ ಕರ್ತನ ಭೋಜನಕ್ಕೆ ಬರಬೇಕು ಅಂದರೆ ಕೊಡಗಿನಲ್ಲಿ ಅದೆಂಥ ಮಾತು ಅಂತ ಯೋಚನೆ ಮಾಡು. ಯೆರೂಸಲೇಮಿನಲ್ಲಿ ಆದ ಗಲಾಟೆಗೆ ಅದೇನೂ ಕಡಿಮೆಯದಲ್ಲ.

ಯುವತಿ: ನೀವು ಆಗ ಆಮೇಲೆ ಹೇಳ್ತೇನೆ ಅಂದದ್ದು ಇದನ್ನೇನಾ?

ಹಿರಿಯರು: ಇದನ್ನೇ. ನನ್ನ ಅಜ್ಜಿ ಅವಳ ಅಜ್ಜಿಯಿಂದ ಕೇಳಿ ನನಗೆ ಹೇಳಿದ್ದು. ನಮ್ಮವರು ಒಂದು ದೊಡ್ಡ ಮನೆಯ ಆಳುಗಳಾಗಿದ್ದರು, ಯಾವ ಮನೆ ಅಂತ ನಾನು ಹೇಳುವುದಿಲ್ಲ, ಅಜ್ಜಿಯೂ ಹೇಳಲಿಲ್ಲ. ಹಬ್ಬದ ದಿನ ಅಂಗಳದ ಕೆಳಗೆ ನಿಲ್ಲಬೇಕು. ಕಾರಣರಿಗೆ ಇಟ್ಟು, ಮನೆಯವರು ಉಂಡು, ನೆಂಟರು ಉಂಡು, ಉಳಿದದ್ದು ಇವರ ಸೆರಗಿಗೆ. ಮಳೆ ಬಂದರೂ ಅಲ್ಲೇ. ಆನಂದಪುರಕ್ಕೆ ಸೇರಿದ ಮೇಲೆ ಅವರು ಮೊದಲು ಬಿಟ್ಟದ್ದು ಅದನ್ನು. ವಿಗ್ರಹಕ್ಕೆ ಅರ್ಪಿಸಿದ್ದು ಬೇಡ ಅಂತ ಉಪದೇಶಿ ಹೇಳಿದಾಗ ಅವರಿಗೆ ಅದು ಹೊಸ ಹೊರೆಯಾಗಿ ಕೇಳಿಸಲಿಲ್ಲ ಮಗಳೇ. ಹಬ್ಬದ ದಿನ ಆ ಅಂಗಳಕ್ಕೆ ಹೋಗದಿರಲಿಕ್ಕೆ ಒಂದು ಕಾರಣ ಸಿಕ್ಕಿತು. ಜೀವಮಾನದಲ್ಲಿ ಮೊದಲ ಸಲ ಬೇಡ ಅನ್ನಲಿಕ್ಕೆ ಸಾಧ್ಯವಾಯಿತು. ನಾನು ಊಟ ಬೇಡ ಅನ್ನುವುದು ಅಲ್ಲಿಂದ ಬಂದದ್ದು. ವಿಗ್ರಹ ಏನೂ ಅಲ್ಲ ಅಂತ ನನಗೂ ಗೊತ್ತು.

ಯುವತಿ: ಇದನ್ನು ನೀವು ಇದುವರೆಗೆ ಯಾಕೆ ಹೇಳಲಿಲ್ಲ?

ಹಿರಿಯರು: ನೀನು ಇಷ್ಟು ದಿನ ಶಾಸ್ತ್ರದ ಪ್ರಶ್ನೆ ಕೇಳುತ್ತಿದ್ದೆ.

ಯುವತಿ: ಅವರು ನನಗೂ ಅಜ್ಜಿಯರೇ. ಆದರೆ ದೊಡ್ಡಪ್ಪ, ನಾನು ಈಗ ಹೇಳುವುದು ನಿಮಗೆ ನೋವಾಗಬಹುದು. ಅಂಗಳದ ಕೆಳಗೆ ನಿಲ್ಲಿಸಿದ ಕಾಲದಲ್ಲಿ ಬೇಡ ಅಂದದ್ದು ಸರಿ. ಈಗ ನನ್ನ ಗೆಳತಿಯ ಮನೆಯವರು ತಮ್ಮ ನಡುಮನೆಗೆ, ನೆಲ್ಲಕ್ಕಿ ನಡುಬಾಡೆಗೆ ಕರೆದು, ತಮ್ಮ ಪಕ್ಕದಲ್ಲಿ ಕೂರಿಸಿ, ತಾವೇ ಬಡಿಸ್ತೇವೆ ಅನ್ನುತ್ತಿದ್ದಾರೆ. ಈಗಲೂ ಬೇಡ ಅಂದರೆ ಎದ್ದುಹೋಗುವವರು ನಾವಾಗುತ್ತೇವೆ. ಮಕ್ಕಬಿಯರ ಕಾಲದ ನೆನಪು ಯೆಹೂದ್ಯರಿಗೆ ನಿಜ. ಆದರೂ ಅದನ್ನು ಹಿಡಿದು ಅಂ­ತಿಯೋಕ್ಯದ ಪಂಕ್ತಿಯಿಂದ ಏಳಬೇಡ ಅಂತ ಪೌಲ ಹೇಳಿದ. ಅವನಿಗೂ ಅದೇ ನೆನಪಿತ್ತು, ಅವನೂ ಫರಿಸಾಯನ ಮಗ.

ಹಿರಿಯರು: ಹೌದು, ಅದಕ್ಕೇ ಪೌಲನ ಮಾತಿಗೆ ತೂಕ. ಆದರೆ ಅದೇ ಪೌಲ ತಿಮೊಥೆಗೆ ಸುನ್ನತಿ ಮಾಡಿಸಿದ, ತಾಯಿ ಯೆಹೂದ್ಯಳು, ಆ ಊರಿನವರ ಮನಸ್ಸು ಮುರಿಯಬಾರದು ಅಂತ. ತೀತನಿಗೆ ಮಾಡಿಸಲಿಲ್ಲ, ಯಾಕೆಂದರೆ ಅಲ್ಲಿ ಒತ್ತಾಯ ಇತ್ತು. ಎರಡನ್ನೂ ಮಾಡಿದವನು ಒಬ್ಬನೇ. ಮಾಂಸ ನನ್ನ ಸಹೋದರನಿಗೆ ಎಡವುಗಲ್ಲಾದರೆ ನಾನು ಮಾಂಸವನ್ನೇ ಮುಟ್ಟುವುದಿಲ್ಲ ಅನ್ನುವಷ್ಟು ದೂರ ಅವನು ಹೋಗ್ತಾನೆ. ನೀನು ಬಲವುಳ್ಳವಳು, ನಾನು ಬಲಹೀನ ಅಂತಲೇ ಇಟ್ಟುಕೋ. ಬಲಹೀನನಿಗಾಗಿ ಯಾರು ಬಿಡಬೇಕು?

ಯುವತಿ: ನಾನು ಬಿಡಬೇಕು ಅಂತೀರಾ?

ಹಿರಿಯರು: ಅನ್ನುವುದಿಲ್ಲ. ನೀನು ಹೋಗು, ಉಣ್ಣು. ಒಂದು ಮಾತ್ರ ನೋಡಿಕೊಂಡು ಬಾ. ಗಲಾತ್ಯ ಪತ್ರದಲ್ಲಿ ಯೆರೂಸಲೇಮಿನವರು ಕೊನೆಗೆ ಕೇಳಿದ್ದು ಏನು ಅಂತ ಪೌಲ ಬರೆದಿದ್ದಾನೆ. ಅಲ್ಲಿ ರಕ್ತದ ಮಾತಿಲ್ಲ, ಹಿಸುಕಿದ್ದರ ಮಾತಿಲ್ಲ. ಬಡವರನ್ನು ನೆನಪಿಡಿ ಅನ್ನುವುದೊಂದೇ. ನೀನು ಕೂತ ಪಂಕ್ತಿಯಲ್ಲಿ ಆ ಮನೆಯ ಕಾಫಿ ಕುಯ್ಯುವ ಯರವರು ಕೂತಿದ್ದಾರಾ? ಲೈನ್‌ಮನೆಯವರಿಗೆ ಎಲೆ ಎಲ್ಲಿ ಹಾಕಿದ್ದಾರೆ? ಅವರೂ ಜೊತೆಗೆ ಕೂತಿದ್ದರೆ ಬಂದು ನನಗೆ ಹೇಳು, ಮುಂದಿನ ವರ್ಷ ನಾನೂ ಕೂರುತ್ತೇನೆ.

ಯುವತಿ: ನೋಡ್ತೇನೆ. ಈಗಲೇ ಹೌದು ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಪ್ರಶ್ನೆಯನ್ನು ಅವರ ಮನೆಯಲ್ಲಿ ಮಾತ್ರ ಕೇಳಬೇಕಾ? ನಮ್ಮ ಸಭೆಯ ಕಡೆ ನೋಡಿ. ಭಾನುವಾರ ಹಿಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ? ಲೈನ್‌ಮನೆಯ ತಮಿಳು ಕುಟುಂಬದ ಹುಡುಗನಿಗೆ ನನ್ನನ್ನು ಕೊಡ್ತೀರಾ ಅಂತ ಅಪ್ಪನನ್ನು ಕೇಳಿದರೆ ಏನಂದಾರು? ಜಾತಿ ಬಿಟ್ಟ ಸಭೆಯಲ್ಲಿ ಮದುವೆಯ ಮಾತು ಬಂದಾಗ ಯಾವ ಮೂಲದವರು ಅಂತ ಕೇಳುವುದನ್ನು ನಾನು ನಮ್ಮ ಮನೆಯಲ್ಲೇ ಕೇಳಿದ್ದೇನೆ.

ಹಿರಿಯರು: ಕೇಳಿದ್ದೀಯ. ನಾನೂ ಕೇಳಿದ್ದೇನೆ, ಸುಮ್ಮನಿದ್ದೇನೆ.

ಯುವತಿ: ಹಾಗಾದರೆ ಯಾಕೋಬನ ನಾಲ್ಕು ನಿಯಮವನ್ನು ಇಷ್ಟು ಭದ್ರವಾಗಿ ಹಿಡಿದ ನಾವು, ಅವು ಯಾತಕ್ಕೆ ಬಂದವೋ ಅದನ್ನೇ ಬಿಟ್ಟಿದ್ದೇವೆ. ಒಂದೇ ಪಂಕ್ತಿ ಆಗಲಿ ಅಂತ ತಾನೇ ಅವು ಬಂದದ್ದು?

ಹಿರಿಯರು: ಅದಕ್ಕಾಗಿಯೇ. ಆದರೆ ನೀನು ಅದನ್ನು ಸಾಧಿಸಲಿಕ್ಕೆ ನಿಯಮವನ್ನು ಬಿಡಬೇಕು ಅನ್ನುತ್ತೀಯ. ನಿಯಮವನ್ನು ನಮ್ಮ ಸಭೆಯ ಒಳಗೂ ನಡೆಸಬೇಕು ಅಂತ ನಾನು. ಇದರಲ್ಲಿ ನಾವು ಕೂಡುವುದಿಲ್ಲ.

ಯುವತಿ: ಕೂಡುವುದಿಲ್ಲ. ಅಂತಿಯೋಕ್ಯದಲ್ಲಾದರೂ ಕೂಡಿದರಾ? ಪೌಲ ಕೇಳಿದ ಮೇಲೆ ಪೇತ್ರ ಮತ್ತೆ ಆ ಪಂಕ್ತಿಗೆ ಬಂದನಾ?

ಹಿರಿಯರು: ಗಲಾತ್ಯ ಪತ್ರ ಅದನ್ನು ಹೇಳುವುದಿಲ್ಲ. ಪೌಲ ತಾನು ಆಡಿದ್ದನ್ನು ಬರೆದಿದ್ದಾನೆ. ಪೇತ್ರ ಕೊಟ್ಟ ಉತ್ತರವನ್ನು ಬರೆದಿಲ್ಲ.

ಆನಂದಪುರದ ಮನೆಗಳಲ್ಲಿ, ವಿರಾಜಪೇಟೆಯ ಮನೆಗಳಲ್ಲಿ, ತೋಟದ ಲೈನ್‌ಮನೆಗಳಲ್ಲಿ ತಮ್ಮ ಹಿಂದಿನವರು ಏನನ್ನು ಬಿಟ್ಟರು, ಯಾಕೆ ಬಿಟ್ಟರು ಎಂದು ಅಜ್ಜಿಯ ಬಾಯಿಂದ ಕೇಳಿದವರು ಇನ್ನೂ ಕೆಲವರಿದ್ದಾರೆ. ಮಿಷನ್ನಿನ ವರದಿಗಳಲ್ಲಿ ಇರುವುದು ಬಹುತೇಕ ಪಾದ್ರಿಗಳ ಮಾತು. ಈ ಹಿರಿಯರ ಮಾತನ್ನು ಅವರ ಮಕ್ಕಳು, ಮೊಮ್ಮಕ್ಕಳು ಈ ವರ್ಷವೇ ಕೂತು ಬರೆದಿಡಬೇಕು.